ಆ್ಯಪಲ್‌ನ ಡೆವಲಪರ್ ಸಮ್ಮೇಳನದ ಇತಿಹಾಸವೇನು? ದಾವಣಗೆರೆಯಲ್ಲೇ ಕುಳಿತು ನೋಡಬಹುದೇ?

ಖಂಡಿತ ನೋಡಬಹುದು, ಅದೂ ಪುಕ್ಕಟೆಯಾಗಿ. ಹಿಂದೆ ಹೀಗಿರಲಿಲ್ಲ. 1980ರ ದಶಕದಲ್ಲಿ ಶುರುವಾದ ಈ ಸಮ್ಮೇಳನ ಬಹುಕಾಲ ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್‌ಗಳಿಗೆ ತಂತ್ರಾಂಶ ಬರೆಯುವವರ ಸಣ್ಣ ಕೂಟವಾಗಿತ್ತು. ಅದರ ದಿಕ್ಕು ಬದಲಿಸಿದ್ದು ಐಫೋನ್. ಆ್ಯಪ್ ಸ್ಟೋರ್ ಬಂದ 2008ರಲ್ಲಿ ಟಿಕೆಟ್‌ಗಳು ಮೊದಲ ಬಾರಿಗೆ ಪೂರ್ತಿ ಖಾಲಿಯಾದವು. 2013ರಲ್ಲಂತೂ 1,599 ಡಾಲರ್ ಬೆಲೆಯಿದ್ದರೂ ಎರಡು ನಿಮಿಷದೊಳಗೆ ಮುಗಿದುಹೋದವು! ಮರುವರ್ಷದಿಂದ ಲಾಟರಿ ಎತ್ತಬೇಕಾಯಿತು. ಆ್ಯಪ್ ಬರೆಯಲು ಬಳಸುವ ಸ್ವಿಫ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಪ್ರಕಟವಾದದ್ದೂ ಅದೇ 2014ರಲ್ಲಿ.

2020ರಲ್ಲಿ ಕೋವಿಡ್‌ನಿಂದಾಗಿ ಎಲ್ಲವೂ ಆನ್‌ಲೈನ್ ಆಯಿತು. ಈಗ ಆಯ್ದ ಕೆಲವರಷ್ಟೇ ಕ್ಯಾಲಿಫೋರ್ನಿಯಾದಲ್ಲಿರುವ ಕಂಪನಿಯ ಪ್ರಧಾನ ಕಚೇರಿ ಆ್ಯಪಲ್ ಪಾರ್ಕ್‌ಗೆ ಹೋಗುತ್ತಾರೆ. ಜೂನ್‌ನ ಆರಂಭಿಕ ಭಾಷಣ ನಮಗೆ ರಾತ್ರಿ 10.30ಕ್ಕೆ, ವಿದ್ಯಾನಗರದ ಹಾಸ್ಟೆಲ್‌ನಲ್ಲಿ ಮಂಡಕ್ಕಿ ಮೆಲ್ಲುತ್ತ ನೋಡಲು ಅನುಕೂಲವೇ. ಆದರೆ ಅದರಲ್ಲಿ ಜಾಹೀರಾತೇ ಹೆಚ್ಚು. ಕಲಿಯಬೇಕಿದ್ದರೆ ಆ ವಾರದ ತಾಂತ್ರಿಕ ವಿಡಿಯೊಗಳನ್ನು ನೋಡಿ.