ಎಲಿಸಾ ಒಂದು ಹೇಳಿತು, ಕಾರ್ಡ್ ಇನ್ನೊಂದು

ಪ್ರಶ್ನೆ: ಊರಿನ ಶಿಬಿರದಲ್ಲಿ ರಕ್ತ ಕೊಟ್ಟಿದ್ದೆ. ರಕ್ತನಿಧಿಯವರು ಕರೆಸಿ, ಎಚ್‌ಐವಿ ಎಲಿಸಾ (ಲ್ಯಾಬ್‌ನಲ್ಲಿ ಮಾಡುವ ರಕ್ತಪರೀಕ್ಷೆ) ರಿಯಾಕ್ಟಿವ್ ಬಂದಿದೆ, ಐಸಿಟಿಸಿಗೆ (ಎಚ್‌ಐವಿ ಪರೀಕ್ಷೆ ಮತ್ತು ಸಲಹೆಯ ಸರ್ಕಾರಿ ಕೇಂದ್ರ) ಹೋಗಿ ಎಂದರು. ಅಲ್ಲಿ ಕಾರ್ಡ್ ಟೆಸ್ಟ್ (ಬೇಗ ಫಲಿತಾಂಶ ಕೊಡುವ ಸಣ್ಣ ಕಿಟ್) ಮಾಡಿ ನೆಗೆಟಿವ್ ಅಂದರು. ಎಲಿಸಾನೇ ದೊಡ್ಡ ಟೆಸ್ಟ್ ಅಲ್ವಾ? ಯಾವುದನ್ನು ನಂಬಲಿ? ದುಡ್ಡು ಹೋದರೂ ಸರಿ, ವೆಸ್ಟರ್ನ್ ಬ್ಲಾಟ್ ಅನ್ನೋ ಖಚಿತಪಡಿಸುವ ಟೆಸ್ಟ್ ಮಾಡಿಸಲಾ?
– ಹೆಸರು ಬೇಡ, ಗದಗ

ಉತ್ತರ: ರಿಯಾಕ್ಟಿವ್ ಅಂದರೆ ಎಚ್‌ಐವಿ ಇದೆ ಅಂತಲ್ಲ. ಇನ್ನೊಮ್ಮೆ ನೋಡಬೇಕು ಅಂತ, ಅಷ್ಟೇ. ಒಂದೇ ಒಂದು ಸೋಂಕಿನ ಚೀಲವೂ ರೋಗಿಯ ಮೈಗೆ ಹೋಗಬಾರದು ಅನ್ನೋದು ರಕ್ತನಿಧಿಯ ಚಿಂತೆ. ಹಾಗಾಗಿ ಅಲ್ಲಿನ ಟೆಸ್ಟ್ ಸ್ವಲ್ಪ ಅನುಮಾನ ಬಂದರೂ ಹಿಡಿಯುತ್ತದೆ, ಒಳ್ಳೆಯ ರಕ್ತ ನಾಲ್ಕು ಚೀಲ ಎಸೆದರೂ ಪರವಾಗಿಲ್ಲ ಅನ್ನುವ ಲೆಕ್ಕ.

ಲೆಕ್ಕ ಅಂದಾಗ ಇದನ್ನೂ ನೋಡಿ. ನಮ್ಮ ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು ಸುಮಾರು 0.2%, ಅಂದರೆ 10,000 ಜನರಲ್ಲಿ 20. ಟೆಸ್ಟ್ ಆ 20 ಜನರನ್ನೂ ಬಿಡದೆ ಹಿಡಿಯಿತು ಅನ್ನೋಣ. ಸೋಂಕಿಲ್ಲದವರಲ್ಲಿ 99.5% ಮಂದಿಗೆ ಅದು ಸರಿಯಾಗಿ ‘ಇಲ್ಲ’ ಅಂದರೂ, ಉಳಿದ ಅರ್ಧ ಪರ್ಸೆಂಟ್, ಅಂದರೆ ಸುಮಾರು 50 ಜನ, ಸುಮ್ನೆ ಸಿಕ್ಕಿಬೀಳುತ್ತಾರೆ. 70 ರಿಯಾಕ್ಟಿವ್‌ನಲ್ಲಿ 50 ಸುಳ್ಳು! ಜಾಹೀರಾತಿನ ‘99.5% ನಿಖರ’ ಅನ್ನೋದು ಈ ಮಾತನ್ನು ಹೇಳೋದೇ ಇಲ್ಲ.

ನಿಮ್ಮ ರಿಪೋರ್ಟ್‌ನಲ್ಲಿ ಎಸ್/ಸಿಒ ಅಂತ ಒಂದು ಅಂಕಿ ಇದೆಯಾ ನೋಡಿ. ನಿಮ್ಮ ಸ್ಯಾಂಪಲ್‌ನ ಅಳತೆ ಟೆಸ್ಟ್‌ನ ಗಡಿ ಅಂಕಿಯ ಎಷ್ಟು ಪಟ್ಟು ಇದೆ ಅನ್ನೋದು ಅದು. ಸಾಮಾನ್ಯವಾಗಿ 1 ದಾಟಿದರೆ ರಿಯಾಕ್ಟಿವ್ ಅಂತ ಬರೆಯುತ್ತಾರೆ. ಅದು 1.3, 1.5ರ ಹತ್ತಿರ ಇದ್ದರೆ ಸುಳ್ಳಿನ ಸಾಧ್ಯತೆ ಜಾಸ್ತಿ. ಬಹಳ ಮೇಲಿದ್ದರೆ ನಿಜ ಇರಬಹುದು. ಆದರೆ ಹೊಸ ಸೋಂಕಿನಲ್ಲೂ ಅಂಕಿ ಕಡಿಮೆ ಇರುತ್ತದೆ, ಹಾಗಾಗಿ ಇದರ ಮೇಲೇ ತೀರ್ಮಾನ ಮಾಡಬೇಡಿ.

ಹಾಗಂತ ಕಾರ್ಡೇ ಕೊನೆಯ ಮಾತೂ ಅಲ್ಲ, ಅದಕ್ಕೂ ತನ್ನದೇ ಆದ ತೊಂದರೆ ಇದೆ. ಸಾಮಾನ್ಯ ಕಾರ್ಡ್ ನೋಡೋದು ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯಗಳನ್ನು ಮಾತ್ರ. ಅವು ಕಾಣಿಸಲು ಸೋಂಕು ತಗುಲಿದ ಮೇಲೆ 23ರಿಂದ 90 ದಿನ ಬೇಕು. ನಾಲ್ಕನೇ ತಲೆಮಾರಿನ ಎಲಿಸಾ ವೈರಸ್ಸಿನ ಪಿ24 ಅನ್ನುವ ಪ್ರೋಟೀನನ್ನೂ ಹುಡುಕುತ್ತದೆ, 18ರಿಂದ 45 ದಿನದಲ್ಲೇ ಹಿಡಿಯಬಲ್ಲದು. ಹಾಗಾಗಿ ಕಳೆದ ಮೂರು ತಿಂಗಳಲ್ಲಿ ಕಾಂಡೋಮ್ ಇಲ್ಲದ ಸಂಪರ್ಕ, ಹಂಚಿಕೊಂಡ ಸೂಜಿ, ಅಂಥದ್ದೇನಾದರೂ ಆಗಿದ್ದರೆ ಕಾರ್ಡ್ ನೆಗೆಟಿವ್ ಅಂತ ನಿರಾಳವಾಗಬೇಡಿ. ಆಗಿಲ್ಲ ಅಂದರೆ ನಾನು ಕಾರ್ಡಿನ ಕಡೆ.

ಏನೇ ಇರಲಿ, ಎಲಿಸಾ ರಿಪೋರ್ಟ್ ಹಿಡಿದು ಐಸಿಟಿಸಿಗೆ ಮತ್ತೆ ಹೋಗಿ, ಕೌನ್ಸೆಲರ್‌ಗೆ ತೋರಿಸಿ. ಎರಡು-ನಾಲ್ಕು ವಾರ ಬಿಟ್ಟು ಹೊಸ ಸ್ಯಾಂಪಲ್ ಕೊಡಿ. ಅಲ್ಲಿ ಬೇರೆ ಬೇರೆ ಮೂರು ಕಿಟ್‌ಗಳಲ್ಲೂ ರಿಯಾಕ್ಟಿವ್ ಬಂದರೆ ಮಾತ್ರ ಪಾಸಿಟಿವ್ ಅನ್ನುತ್ತಾರೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಕಾನೂನೇ ಹೇಳಿರುವ ಕೆಲವು ಸಂದರ್ಭ ಬಿಟ್ಟರೆ, ನಿಮ್ಮ ಒಪ್ಪಿಗೆ ಇಲ್ಲದೆ ಫಲಿತಾಂಶ ಯಾರಿಗೂ ಹೇಳುವಂತಿಲ್ಲ, 2017ರ ಕಾನೂನೇ ಇದೆ. ಅನುಮಾನದ ಸಂಪರ್ಕ ಆಗಿದ್ದರೆ ಆ ದಿನದಿಂದ ಮೂರು ತಿಂಗಳಾದ ಮೇಲೂ ಒಮ್ಮೆ ಮಾಡಿಸಿ. ಅಷ್ಟು ದಿನ ಕಾಯಲು ಆಗದಿದ್ದರೆ, ವೈರಸ್ಸನ್ನೇ ಹುಡುಕುವ ನ್ಯಾಟ್ ಟೆಸ್ಟ್ ಬಗ್ಗೆ ವೈದ್ಯರನ್ನು ಕೇಳಿ.

ವೆಸ್ಟರ್ನ್ ಬ್ಲಾಟ್ ಬೇಡವೇ ಬೇಡ. ಒಂದು ಕಾಲಕ್ಕೆ ಅದೇ ಕೊನೆಯ ಮಾತಾಗಿತ್ತು, ನಿಜ. ಆದರೆ ಹೊಸ ಸೋಂಕನ್ನು ಅದು ಈಗಿನ ಎಲಿಸಾಗಿಂತ ತಡವಾಗಿ ಹಿಡಿಯುತ್ತದೆ, ಎಷ್ಟೋ ಸಲ ಅತ್ತಲೂ ಇಲ್ಲ ಇತ್ತಲೂ ಇಲ್ಲದ ಉತ್ತರ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಅದನ್ನು ಕೈಬಿಡಿ ಎಂದಿದೆ. ಎಲ್ಲ ಇತ್ಯರ್ಥ ಆಗೋವರೆಗೆ ರಕ್ತ ಕೊಡಬೇಡಿ, ಕಾಂಡೋಮ್ ಬಳಸಿ. ರಾತ್ರಿ ಹೊತ್ತು ತಲೆ ಕೆಟ್ಟರೆ 1097ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.