4294967297ನ್ನು 641 ಭಾಗಿಸುತ್ತದೆ ಎಂದು ತಿಳಿದದ್ದು ಹೇಗೆ?

ನಮಸ್ಕಾರ. 2³² + 1, ಅಂದರೆ 4294967297, ಅವಿಭಾಜ್ಯವಲ್ಲವೆಂದು ಗಣಿತಜ್ಞ ಆಯ್ಲರ್ 1732ರಲ್ಲಿ ತೋರಿಸಿದಾಗ 641ರವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕಾಗಿತ್ತೇ ಎಂದು ಕೇಳಿದ್ದೀರಿ. ಅಷ್ಟು ಶ್ರಮ ಬೇಕಿಲ್ಲ.

ಈ ಸಂಖ್ಯೆಯನ್ನು ‘ಪ’ ಎಂಬ ಅವಿಭಾಜ್ಯ ಭಾಗಿಸುತ್ತದೆ ಎಂದುಕೊಳ್ಳಿ. ಆಗ 2³²ನ್ನು ಪ-ದಿಂದ ಭಾಗಿಸಿದರೆ ಉಳಿಯುವ ಶೇಷವು −1ಕ್ಕೆ ಸಮಾನ, 2⁶⁴ರ ಶೇಷ 1. ಶೇಷ 1 ಮೊದಲು ದೊರೆಯುವ ಘಾತವು 64ನ್ನು ಭಾಗಿಸಬೇಕು; ಅದು 64ಕ್ಕಿಂತ ಚಿಕ್ಕದಾಗಿದ್ದರೆ 32ನ್ನೂ ಭಾಗಿಸಿ, 2³²ರ ಶೇಷವೂ 1 ಆಗುತ್ತಿತ್ತು. ಆದ್ದರಿಂದ 2ರ ಘಾತಗಳಲ್ಲಿ ಶೇಷ 1 ಮೊದಲ ಬಾರಿಗೆ ದೊರೆಯುವುದು 64ನೇ ಘಾತದಲ್ಲಿಯೇ, ಮತ್ತು ಗಣಿತಜ್ಞ ಫರ್ಮಾ ಅವರ ಕಿರು ಪ್ರಮೇಯದಂತೆ 2ರ (ಪ − 1)ನೇ ಘಾತದ ಶೇಷವೂ 1 ಆಗಿರುವುದರಿಂದ ಆ 64 ಸಂಖ್ಯೆಯು ಪ − 1ನ್ನು ನಿಶ್ಶೇಷವಾಗಿ ಭಾಗಿಸಲೇಬೇಕು. 64ರ ಗುಣಕಕ್ಕೆ 1 ಕೂಡಿಸಿದಾಗ ಸಿಗುವ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಐದನೆಯ ಪ್ರಯತ್ನದಲ್ಲೇ ಉತ್ತರ ಸಿಗುತ್ತದೆ! ಇಂಥ (2ರ ಘಾತಾಂಕವೂ 1, 2, 4, 8, 16, 32ರಂತೆ 2ರ ಘಾತವೇ ಆಗಿದ್ದು, ಅದಕ್ಕೆ 1 ಕೂಡಿಸಿದ) ಸಂಖ್ಯೆಗಳೆಲ್ಲ ಅವಿಭಾಜ್ಯವೆಂದು ನಂಬಿದ್ದ ಫರ್ಮಾ ಅವರ ಊಹೆಯನ್ನು ಅವರದೇ ಪ್ರಮೇಯ ಮುರಿಯಿತು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಭಾಗಾಕಾರವನ್ನೇ ಮಾಡದೆ ಇದನ್ನು ಸಾಧಿಸುವ ದಾರಿಯೂ ಇದೆ; ನನಗೆ ಬಹಳ ಪ್ರಿಯವಾದದ್ದು ಅದೇ. 641 = 5 × 2⁷ + 1 ಆಗಿರುವುದರಿಂದ, 641ರಿಂದ ಭಾಗಿಸಿದಾಗ 5 × 2⁷ರ ಶೇಷ −1ಕ್ಕೆ ಸಮ; ಎರಡೂ ಕಡೆ ನಾಲ್ಕನೇ ಘಾತ ತೆಗೆದುಕೊಂಡರೆ 5⁴ × 2²⁸ರ ಶೇಷ 1. ಆದರೆ 641 = 5⁴ + 2⁴ ಕೂಡ ಹೌದು, ಹಾಗಾಗಿ 5⁴ರ ಜಾಗದಲ್ಲಿ −2⁴ ಇಡಬಹುದು. ಆಗ −2³²ರ ಶೇಷ 1 ಆಗುತ್ತದೆ, ಅಂದರೆ 2³² + 1ನ್ನು 641 ಭಾಗಿಸುತ್ತದೆ.

ಇನ್ನೊಂದು ಅಪವರ್ತನ 6700417. ಅದರ ವರ್ಗಮೂಲ 2589ಕ್ಕಿಂತ ಕಡಿಮೆಯಿರುವುದರಿಂದ, ಅದೂ ಅವಿಭಾಜ್ಯವೇ ಎಂಬುದನ್ನು 64ರ ಗುಣಕಕ್ಕೆ 1 ಕೂಡಿಸಿದ ಅವಿಭಾಜ್ಯಗಳನ್ನಷ್ಟೇ ನೋಡುವ ಮೇಲಿನ ಜರಡಿಯಿಂದ ನೀವೇ ಪರೀಕ್ಷಿಸಬಹುದು.