ದೊಡ್ಡ ದೋಣಿಗೆ ದೊಡ್ಡ ಮೋಟಾರೇ ಬೇಕೇ?

ಪ್ರಶ್ನೆ: ನಾನು ಕಟ್ಟಿದ ಟಗ್ (ಹಡಗುಗಳನ್ನು ಎಳೆಯುವ) ದೋಣಿಯ ಮಾದರಿ ಒಂದೂವರೆ ಮೀಟರ್ ಉದ್ದ, 18 ಕಿಲೋ ತೂಕ, ಪ್ರೊಪೆಲ್ಲರ್ 70 ಮಿ.ಮೀ. ಹಳೆಯ ರೇಸಿಂಗ್ ದೋಣಿಯ 2000 ಕೆವಿ ಬ್ರಷ್‌ಲೆಸ್ ಮೋಟಾರು ಹಾಕಿದರೆ ಐದೇ ನಿಮಿಷದಲ್ಲಿ ಕೈಯಿಡಲಾಗದಷ್ಟು ಕಾಯುತ್ತದೆ. ಇನ್ನೂ ದೊಡ್ಡದು ಬೇಕೇ?

ಉತ್ತರ: ನಿಮಗೆ ಬೇಕಾದದ್ದು ನಿಧಾನದ ಮೋಟಾರು. ಕೆವಿ ಎಂದರೆ ಹೊರೆಯಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. 12 ವೋಲ್ಟಿನಲ್ಲಿ ನಿಮ್ಮದು 24,000 ಸುತ್ತಿಗೆ ಹವಣಿಸುತ್ತದೆ. ಅಷ್ಟಗಲದ ಪ್ರೊಪೆಲ್ಲರ್ ಬಿಡುವುದಿಲ್ಲ. ಆ ಜಗ್ಗಾಟವೇ ಶಾಖ. ಪ್ರೊಪೆಲ್ಲರಿನ ವೇಗ ಇಮ್ಮಡಿಯಾದರೆ ಅದು ಕೇಳುವ ಶಕ್ತಿ ಸುಮಾರು ಎಂಟು ಪಟ್ಟು!

200ರಿಂದ 250 ಕೆವಿಯ ಮೋಟಾರನ್ನು ನೇರವಾಗಿ ಜೋಡಿಸಿ. ಇಲ್ಲವೇ 700 ಕೆವಿಯದಕ್ಕೆ 3:1 ಹಲ್ಲಿನ ಬೆಲ್ಟ್ ಹಾಕಿ, ಅಂದರೆ ಮೋಟಾರು ಮೂರು ಸುತ್ತಿದರೆ ಪ್ರೊಪೆಲ್ಲರ್ ಒಂದು ಸುತ್ತು. ನನಗೆ ಬೆಲ್ಟೇ ಇಷ್ಟ; ಗೇರಿನ ಕರಕರ ಟಗ್ಗಿನ ಗಾಂಭೀರ್ಯವನ್ನೇ ಕೆಡಿಸುತ್ತದೆ.

ಕೊಳ್ಳುವ ಮೊದಲು, ಮೋಟಾರನ್ನು ಪ್ರೊಪೆಲ್ಲರಿನ ಶಾಫ್ಟಿಗೆ (ದಂಡಕ್ಕೆ) ಜೋಡಿಸುವ ಕಪ್ಲಿಂಗ್ ಬಿಚ್ಚಿ ಶಾಫ್ಟನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿ, ಎಲ್ಲಿಯೂ ಹಿಡಿಯಬಾರದು. ನಾನೊಮ್ಮೆ ಮೂರು ಮೋಟಾರು ಬದಲಿಸಿದ ಮೇಲೆ ಗೊತ್ತಾಯಿತು, ಶಾಫ್ಟೇ ಕೂದಲೆಳೆಯಷ್ಟು ಬಾಗಿತ್ತು. ಹೊಸ ಮೋಟಾರು ಜೋಡಿಸಿದ ಮೇಲೆ ದೋಣಿಯನ್ನು ನೀರಿನ ತೊಟ್ಟಿಯಲ್ಲಿ ಗಟ್ಟಿಯಾಗಿ ಹಿಡಿದು, ಪೂರ್ಣ ವೇಗ ಕೊಟ್ಟು, ವ್ಯಾಟ್‌ಮೀಟರಿನಲ್ಲಿ ಆಂಪಿಯರ್ ಓದಿ. ಮೋಟಾರಿನ ವೇಗ ನಿಯಂತ್ರಿಸುವ ಸ್ಪೀಡ್ ಕಂಟ್ರೋಲರ್ ಅದರ ಎರಡು ಪಟ್ಟು ತಾಳುವಂತಿರಲಿ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಲು ಮರೆಯಬೇಡಿ.